ಆಸವನದ ಮೇಲೆ ಒತ್ತಡದ ಪರಿಣಾಮ

ದ್ರವಮಿಶ್ರಣವನ್ನು ಕುದಿಸಿ, ಬೇಗ ಆವಿಯಾಗುವ ಘಟಕವನ್ನು ಪ್ರತ್ಯೇಕಿಸಿ, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ವಿಧಾನಕ್ಕೆ ಆಸವನ ಅಥವಾ ಭಟ್ಟಿ ಇಳಿಸುವಿಕೆ ಎಂದು ಹೆಸರು. ದ್ರವದ ಆವಿಯೊತ್ತಡವು ಅದರ ಮೇಲಿನ ಒತ್ತಡಕ್ಕೆ ಸಮನಾದಾಗ ಕುದಿತ ಆರಂಭವಾಗುವುದರಿಂದ, ಒತ್ತಡ ಇಳಿದಂತೆ ಕುದಿಬಿಂದುವೂ ಇಳಿಯುತ್ತದೆ; ಮಂಗಳೂರಿನ ಕಡಲತೀರದಲ್ಲಿ 100° ಸೆ.ನಲ್ಲಿ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಕಾಡುಗೋಡಿಯಲ್ಲಿ ಸುಮಾರು 97° ಸೆ.ನಲ್ಲೇ ಕುದಿಯುತ್ತದೆ.

ಒಂದು ಘಟಕವು ಇನ್ನೊಂದಕ್ಕಿಂತ ಎಷ್ಟು ಪಟ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದನ್ನು ಸೂಚಿಸುವ ಸಾಪೇಕ್ಷ ಬಾಷ್ಪಶೀಲತೆಯು ಬಹುತೇಕ ಮಿಶ್ರಣಗಳಲ್ಲಿ ಒತ್ತಡ ತಗ್ಗಿದಂತೆ ಹೆಚ್ಚುವುದರಿಂದ, ಅಷ್ಟೇ ಶುದ್ಧತೆಯನ್ನು ಆಸವನ ಗೋಪುರದ ಕಡಿಮೆ ಟ್ರೇಗಳಲ್ಲೇ (ಏರುವ ಆವಿ ಮತ್ತು ಇಳಿಯುವ ದ್ರವ ಸಂಧಿಸುವ ತಟ್ಟೆಗಳಲ್ಲೇ) ಪಡೆಯಬಹುದು. ವಾತಾವರಣದ ಒತ್ತಡದಲ್ಲಿ ಎಥನಾಲ್–ನೀರಿನ ಮಿಶ್ರಣವು ತೂಕದಲ್ಲಿ ಸುಮಾರು 95.6% ಎಥನಾಲ್ ತಲುಪಿದಾಗ ದ್ರವದ ಮತ್ತು ಆವಿಯ ಸಂಯೋಜನೆ ಒಂದೇ ಆಗಿ ಬೇರ್ಪಡಿಕೆ ನಿಂತುಹೋಗುತ್ತದೆ. ಅಜಿಯೋಟ್ರೋಪ್ ಎನ್ನಲಾಗುವ ಈ ಸ್ಥಿತಿಯು ಪಾದರಸದ ಸುಮಾರು 70 ಮಿ.ಮೀ.ಗಿಂತ ಕಡಿಮೆ ಒತ್ತಡದಲ್ಲಿ ಇಲ್ಲವಾಗುತ್ತದೆ.

ಕಾಡುಗೋಡಿಗೆ ಸಮೀಪದ ದೇವನಗೊಂದಿಯ ತೈಲ ಟರ್ಮಿನಲ್‌ಗಳಿಗೆ ಮಂಗಳೂರಿನಿಂದ ಹಾಸನದ ಮೂಲಕ 362 ಕಿ.ಮೀ. ಉದ್ದದ ಕೊಳವೆಮಾರ್ಗ ಬಂದಿದ್ದು, ಅದರಲ್ಲಿ ಹರಿಯುವ ಇಂಧನಗಳ ಮೂಲವಾದ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಗಳಲ್ಲಿ ಒತ್ತಡದ ಆಯ್ಕೆಯ ಮಹತ್ವ ಎದ್ದುಕಾಣುತ್ತದೆ. ಸುಮಾರು 350ರಿಂದ 370° ಸೆ.ವರೆಗೆ ಕಾಯಿಸಿದ ಕಚ್ಚಾತೈಲದಿಂದ, ವಾತಾವರಣಕ್ಕಿಂತ ತುಸುವೇ ಹೆಚ್ಚಿನ ಒತ್ತಡವಿರುವ ಮೊದಲ ಗೋಪುರದಲ್ಲಿ ನಾಫ್ತಾ, ಸೀಮೆಎಣ್ಣೆ ಮತ್ತು ಡೀಸೆಲ್ ಬೇರೆಯಾಗುತ್ತವೆ. ತಳದಲ್ಲಿ ಉಳಿದ ಭಾರವಾದ ತೈಲವನ್ನು ಅದೇ ಒತ್ತಡದಲ್ಲಿ ಇನ್ನಷ್ಟು ಕಾಯಿಸಿದರೆ ಅಣುಗಳು ಒಡೆದು ಕುಲುಮೆಯ ಕೊಳವೆಗಳಲ್ಲಿ ಕೋಕ್ ಕಟ್ಟಿಕೊಳ್ಳುವುದರಿಂದ, ಅದನ್ನು ಹಬೆಯ ಎಜೆಕ್ಟರ್‌ಗಳಿಂದ ಒತ್ತಡವನ್ನು ಪಾದರಸದ ಕೆಲವೇ ಹತ್ತು ಮಿ.ಮೀ.ಗೆ ಇಳಿಸಿದ ನಿರ್ವಾತ ಗೋಪುರಕ್ಕೆ ಕಳುಹಿಸಲಾಗುತ್ತದೆ. ಆದರೆ 30 ಮಿ.ಮೀ. ಒತ್ತಡದಲ್ಲಿ ಆವಿಯು, ತಾಪ ಒಂದೇ ಇದ್ದರೂ, ವಾತಾವರಣದ ಒತ್ತಡದಲ್ಲಿ ಬೇಕಾಗುವ ಜಾಗದ ಸುಮಾರು 25 ಪಟ್ಟನ್ನು ಆಕ್ರಮಿಸುವುದರಿಂದ ಈ ಗೋಪುರದ ವ್ಯಾಸ ದೊಡ್ಡದಾಗಿರಬೇಕಾಗುತ್ತದೆ. ಟ್ರೇಗಳನ್ನು ದಾಟುವಾಗ ಆವಿಗೆ ಎದುರಾಗುವ ತಡೆಯಿಂದ ತಳದ ಒತ್ತಡ ಏರುವುದರಿಂದ, ಇಲ್ಲಿ ಟ್ರೇಗಳ ಬದಲು ತಡೆ ಕಡಿಮೆಯಿರುವ ಪ್ಯಾಕಿಂಗ್ ಎಂಬ ತುಂಬಿಕೆಯನ್ನು ಹೆಚ್ಚಾಗಿ ಬಳಸುತ್ತಾರೆ.

ವಾತಾವರಣದ ಒತ್ತಡದಲ್ಲಿ ಸುಮಾರು −48° ಮತ್ತು −42° ಸೆ.ನಲ್ಲಿ ಕುದಿಯುವ ಪ್ರೊಪಿಲೀನ್ ಮತ್ತು ಪ್ರೊಪೇನ್‌ಗಳ ಬೇರ್ಪಡಿಕೆಯಲ್ಲಿ ಇದಕ್ಕೆ ವಿರುದ್ಧವಾದ ಸಮಸ್ಯೆ ಇದೆ. ಸಾಧಾರಣ ತಂಪುನೀರಿನಿಂದಲೇ ಇವುಗಳ ಆವಿ ದ್ರವವಾಗಬೇಕಾದರೆ ಒತ್ತಡವನ್ನು ವಾತಾವರಣದ ಹಲವು ಪಟ್ಟು ಏರಿಸಬೇಕು. ಶೀತಲೀಕರಣದ ಖರ್ಚು ಉಳಿದರೂ ಬಾಷ್ಪಶೀಲತೆಯ ಅಂತರ ಕುಗ್ಗಿ, ನೂರಕ್ಕೂ ಹೆಚ್ಚು ಟ್ರೇಗಳು ಬೇಕಾಗುತ್ತವೆ.

ಆದ್ದರಿಂದ ತಾಪಕ್ಕೆ ಕೆಡುವ ದ್ರವಗಳಿಗೆ ನಿರ್ವಾತವನ್ನೂ, ತಂಪುನೀರಿಗೆ ತಣಿಯದ ಆವಿಗಳಿಗೆ ಹೆಚ್ಚಿನ ಒತ್ತಡವನ್ನೂ ಆರಿಸಿ, ಇವೆರಡೂ ಅನಿವಾರ್ಯವಲ್ಲದ ಕಡೆ ವಾತಾವರಣದ ಒತ್ತಡದ ಆಸುಪಾಸಿನಲ್ಲೇ ಗೋಪುರವನ್ನು ನಡೆಸುವುದು ವಾಡಿಕೆ.