ಪೂರ್ವಕಲಿಕೆ ಮತ್ತು ಕಾರ್ಯಾನುಭವಕ್ಕೆ ಕಾಲೇಜು ಕ್ರೆಡಿಟ್: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕಾರ್ಖಾನೆ, ಗ್ಯಾರೇಜು, ಹೊಲಿಗೆ ಘಟಕ, ಕಟ್ಟಡ ನಿರ್ಮಾಣ ಮುಂತಾದ ಕಡೆಗಳಲ್ಲಿ ಹಲವು ವರ್ಷ ದುಡಿದು ಕೆಲಸದಲ್ಲಿ ನಿಪುಣತೆ ಗಳಿಸಿದವರ ಸಂಖ್ಯೆ ದೊಡ್ಡದು. ಇವರಲ್ಲಿ ಅನೇಕರ ಬಳಿ ತಮ್ಮ ಕಲಿಕೆಯನ್ನು ದೃಢಪಡಿಸುವ ಯಾವುದೇ ಪ್ರಮಾಣಪತ್ರವಿರುವುದಿಲ್ಲ. ಇದರಿಂದಾಗಿ ಬಡ್ತಿ, ಉನ್ನತ ವ್ಯಾಸಂಗ ಹಾಗೂ ಉತ್ತಮ ವೇತನದ ಅವಕಾಶಗಳು ಕೈತಪ್ಪುತ್ತವೆ. ತರಗತಿಯ ಹೊರಗೆ ಕಲಿತದ್ದನ್ನು ನಿಗದಿತ ಮಾನದಂಡಗಳಿಗೆ ಹೋಲಿಸಿ, ಪರೀಕ್ಷಿಸಿ, ಅಧಿಕೃತವಾಗಿ ಒಪ್ಪಿಕೊಳ್ಳುವ ಕ್ರಮಕ್ಕೆ ಪೂರ್ವಕಲಿಕೆಯ ಮಾನ್ಯತೆ ಅಥವಾ ಆರ್.ಪಿ.ಎಲ್. ಎಂದು ಹೆಸರು. ಈ ಮಾನ್ಯತೆಯು ಕಾಲೇಜು ವ್ಯಾಸಂಗಕ್ಕೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಮತ್ತು ಅದಕ್ಕಾಗಿ ಅನುಸರಿಸಬೇಕಾದ ಕ್ರಮವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಮುಖ್ಯ ಪದಗಳ ವಿವರಣೆ

(ಅ) ಕ್ರೆಡಿಟ್: ಕಲಿಕೆಯನ್ನು ಅಳೆಯುವ ಏಕಮಾನ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ಒಂದು ಶೈಕ್ಷಣಿಕ ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್.

(ಆ) ಹಂತ: ಕಲಿಕೆಯ ಮಟ್ಟವನ್ನು ಸೂಚಿಸುವ ಸಂಖ್ಯೆ. ಹತ್ತನೆಯ ತರಗತಿಗೆ ಹಂತ 3, ಹನ್ನೆರಡನೆಯ ತರಗತಿಗೆ ಹಂತ 4 ಹಾಗೂ ಪದವಿಯ ಮೊದಲ ಮೂರು ವರ್ಷಗಳಿಗೆ ಅನುಕ್ರಮವಾಗಿ 4.5, 5 ಮತ್ತು 5.5 ಹಂತಗಳನ್ನು ನಿಗದಿಪಡಿಸಲಾಗಿದೆ. ಕೆಳ ಹಂತದಲ್ಲಿ ಗಳಿಸಿದ ಕ್ರೆಡಿಟ್ ತಾನಾಗಿಯೇ ಮೇಲಿನ ಹಂತದ ಕ್ರೆಡಿಟ್ ಆಗುವುದಿಲ್ಲ.

(ಇ) ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್: ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯು.ಜಿ.ಸಿ.) 2021ರ ನಿಯಮಗಳ ಅನ್ವಯ ಸ್ಥಾಪನೆಯಾದ ವಿದ್ಯುನ್ಮಾನ ಖಾತೆ ವ್ಯವಸ್ಥೆ. ವಿದ್ಯಾರ್ಥಿಯು ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳು ಈ ಖಾತೆಯಲ್ಲಿ ಜಮೆಯಾಗುತ್ತವೆ.

3. ಅನುಭವವು ಕ್ರೆಡಿಟ್ ಆಗುವ ಬಗೆ

ಸೇವೆ ಸಲ್ಲಿಸಿದ ವರ್ಷಗಳಿಗೆ ನೇರವಾಗಿ ಕ್ರೆಡಿಟ್ ದೊರೆಯುವುದಿಲ್ಲ ಎಂಬುದನ್ನು ಅರ್ಜಿದಾರರು ಮೊದಲು ಗಮನಿಸತಕ್ಕದ್ದು. ಆ ವರ್ಷಗಳಲ್ಲಿ ಕಲಿತದ್ದು ಮೌಲ್ಯಮಾಪನದಲ್ಲಿ ಸಾಬೀತಾದರೆ ಮಾತ್ರ ಕ್ರೆಡಿಟ್ ಲಭ್ಯವಾಗುತ್ತದೆ. ಅರ್ಹತೆಯೊಂದನ್ನು ಪಡೆದ ನಂತರ ಗಳಿಸಿದ ಸಂಬಂಧಿತ ಅನುಭವಕ್ಕೆ ಮೌಲ್ಯಮಾಪನಕ್ಕೊಳಪಟ್ಟು ಹೆಚ್ಚುವರಿ ತೂಕ ನೀಡಲು ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಅವಕಾಶವಿದೆ. ಅದರ ಗುಣಕಗಳು ಈ ಕೆಳಕಂಡಂತಿವೆ:

- ಒಂದು ವರ್ಷದವರೆಗಿನ ಅನುಭವ: 1
- ಒಂದು ವರ್ಷಕ್ಕಿಂತ ಹೆಚ್ಚು, ನಾಲ್ಕು ವರ್ಷಕ್ಕಿಂತ ಕಡಿಮೆ: 1.33
- ನಾಲ್ಕರಿಂದ ಏಳು ವರ್ಷ: 1.67
- ಏಳು ವರ್ಷಕ್ಕೆ ಮೇಲ್ಪಟ್ಟು: 2

ಉದಾಹರಣೆ: ವಿದ್ಯುತ್ ಕೆಲಸಗಾರರೊಬ್ಬರು 300 ಗಂಟೆಗಳ ಮಾನ್ಯ ತರಬೇತಿ ಮುಗಿಸಿದ್ದರೆ ಅದು 10 ಕ್ರೆಡಿಟ್. ಅದೇ ಕೆಲಸದಲ್ಲಿ ಐದು ವರ್ಷಗಳ ಅನುಭವ ದೃಢಪಟ್ಟರೆ 10 × 1.67 = 16.7 ಕ್ರೆಡಿಟ್. ಅನುಭವ ಹದಿನೈದು ವರ್ಷವಾದರೂ ಗರಿಷ್ಠ 20 ಕ್ರೆಡಿಟ್. ಅಂದರೆ ಗಂಟೆಗಳ ಲೆಕ್ಕದಲ್ಲಿ ಇದು ಅರ್ಧ ಶೈಕ್ಷಣಿಕ ವರ್ಷಕ್ಕೆ ಸಮ. ಪೂರ್ವಕಲಿಕೆಯು ಪದವಿಯ ಹಾದಿಯನ್ನು ಮೊಟಕುಗೊಳಿಸಬಲ್ಲದೇ ಹೊರತು ಪದವಿಯನ್ನೇ ದೊರಕಿಸಿಕೊಡುವುದಿಲ್ಲ.

4. ಲಭ್ಯವಿರುವ ಮಾರ್ಗಗಳು

(ಅ) ಪ್ರಮಾಣಪತ್ರವಿಲ್ಲದ ಕುಶಲಕರ್ಮಿಗಳು: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವಕಲಿಕೆಯ ಮಾನ್ಯತೆಯು ಪ್ರತ್ಯೇಕ ಘಟಕವಾಗಿ ಸೇರಿತು. ಪೂರ್ವಭಾವಿ ಪರಿಶೀಲನೆ, ಕಿರು ಅವಧಿಯ ಪರಿಚಯ ತರಬೇತಿ, ಅಂತಿಮ ಮೌಲ್ಯಮಾಪನ, ಪ್ರಮಾಣಪತ್ರ ಎಂಬುದು ಇದರ ಕ್ರಮ. ಪ್ರಮಾಣಪತ್ರವು 2013ರಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ ಯಾವ ಹಂತಕ್ಕೆ ಸೇರಿದೆ ಎಂಬುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳುವುದು ಅವಶ್ಯ.

(ಆ) ಶಾಲೆ ಅರ್ಧಕ್ಕೆ ಬಿಟ್ಟ ಐ.ಟಿ.ಐ. ಪ್ರಮಾಣಪತ್ರದಾರರು: ಕಾಲೇಜು ಪ್ರವೇಶಕ್ಕೆ ಮುನ್ನ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ತತ್ಸಮಾನ ಅರ್ಹತೆ ಬೇಕಾಗುತ್ತದೆ. 2016ರಲ್ಲಿ ಆದ ಒಪ್ಪಂದದ ಮೇರೆಗೆ ಐ.ಟಿ.ಐ. ಕಲಿಕೆಗೆ ಕ್ರೆಡಿಟ್ ವರ್ಗಾವಣೆ ಪಡೆದು, ಉಳಿದ ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪೂರೈಸಲು ಅವಕಾಶ ಕಲ್ಪಿಸಲಾಯಿತು.

(ಇ) ಐ.ಟಿ.ಐ. ಮತ್ತು ಡಿಪ್ಲೊಮಾ ಪಡೆದವರು: ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ನಂತರ ಎರಡು ವರ್ಷದ ಐ.ಟಿ.ಐ. ಮುಗಿಸಿದವರು ನಿಯಮಾನುಸಾರ ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಕೋರಬಹುದು. ಡಿಪ್ಲೊಮಾ ಪಡೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ಇಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರ್‌ಗೆ ಸೇರಬಹುದು. ಹಿಂದಿನ ಕಲಿಕೆಗೆ ಒಂದು ಪೂರ್ಣ ವರ್ಷದ ಮನ್ನಣೆ ದೊರೆಯುವ, ಬಹುಕಾಲದಿಂದ ರೂಢಿಯಲ್ಲಿರುವ ಮಾರ್ಗ ಇದು.

(ಈ) ಉದ್ಯೋಗದಲ್ಲಿದ್ದುಕೊಂಡೇ ಕಲಿಯುವವರು: ಸ್ವಯಂ ವೇದಿಕೆಯ ಆನ್‌ಲೈನ್ ಕೋರ್ಸುಗಳಲ್ಲಿ ಪರೀಕ್ಷೆ ಬರೆದು ತೇರ್ಗಡೆಯಾದವರ ಕ್ರೆಡಿಟ್‌ಗಳನ್ನು ವಿಶ್ವವಿದ್ಯಾನಿಲಯಗಳು ಸ್ವೀಕರಿಸಬಹುದು. ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ. 40ರವರೆಗೆ ಈ ರೀತಿ ಪೂರೈಸಲು 2021ರ ನಿಯಮಗಳು ಅನುಮತಿಸಿವೆ.

(ಉ) ಸೈನಿಕರು ಮತ್ತು ಅಗ್ನಿವೀರರು: ಅಗ್ನಿವೀರರಿಗಾಗಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ರೂಪಿಸುವ ಮೂರು ವರ್ಷಗಳ ಕೌಶಲ್ಯಾಧಾರಿತ ಪದವಿಯನ್ನು 2022ರ ಜೂನ್‌ನಲ್ಲಿ ಪ್ರಕಟಿಸಲಾಯಿತು. ಇದರಲ್ಲಿ ಶೇ. 50ರಷ್ಟು ಕ್ರೆಡಿಟ್ ಸೇವಾವಧಿಯ ತರಬೇತಿಯಿಂದಲೂ ಉಳಿದ ಶೇ. 50 ವಿವಿಧ ವಿಷಯಗಳ ವ್ಯಾಸಂಗದಿಂದಲೂ ಬರುತ್ತದೆ. ಹದಿನೈದು ವರ್ಷ ಸೇವೆ ಸಲ್ಲಿಸಿದ ಮೆಟ್ರಿಕ್ಯುಲೇಷನ್ ತೇರ್ಗಡೆಯಾದ ಮಾಜಿ ಸೈನಿಕರನ್ನು ಕೇಂದ್ರ ಸರ್ಕಾರದ ಕೆಲವು ಗ್ರೂಪ್ 'ಸಿ' ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸುವ 1986ರ ನಿಯಮ ಬೇರೆಯೇ ಆದದ್ದು. ಅದು ನೇಮಕಾತಿಗೆ ಸೀಮಿತ. ಸ್ನಾತಕೋತ್ತರ ವ್ಯಾಸಂಗಕ್ಕೆ ಅಗತ್ಯವಾದ ಪದವಿಗೆ ಅದು ಬದಲಿಯಲ್ಲ.

5. ಅನುಸರಿಸಬೇಕಾದ ಕ್ರಮ

1) ಮೊದಲಿಗೆ ಸೇರಬಯಸುವ ವಿಶ್ವವಿದ್ಯಾನಿಲಯದ ಪ್ರವೇಶ ವಿಭಾಗದಲ್ಲಿ, ಪೂರ್ವಕಲಿಕೆಗೆ ಕ್ರೆಡಿಟ್ ನೀಡಲಾಗುವುದೇ, ನೀಡುವುದಾದರೆ ಯಾವ ಕೋರ್ಸಿನಲ್ಲಿ ಎಷ್ಟು ಎಂಬುದನ್ನು ಲಿಖಿತವಾಗಿ ವಿಚಾರಿಸುವುದು. ಕ್ರೆಡಿಟ್ ಸ್ವೀಕರಿಸುವ ತೀರ್ಮಾನ ಆಯಾ ಸಂಸ್ಥೆಯದೇ ಆಗಿರುತ್ತದೆ.
2) ಕೌಶಲ್ಯಕ್ಕೆ ಸರಿಹೊಂದುವ ಅರ್ಹತೆಯನ್ನು ಗುರುತಿಸಿ ಮೌಲ್ಯಮಾಪನಕ್ಕೆ ನೋಂದಾಯಿಸಿಕೊಳ್ಳುವುದು.
3) ಆಧಾರ್ ಜೋಡಣೆಯಾದ ಡಿಜಿಲಾಕರ್ ಮೂಲಕ ಅಕಾಡೆಮಿಕ್ ಬ್ಯಾಂಕ್ ಖಾತೆ ತೆರೆದು, 12 ಅಂಕಿಗಳ ಗುರುತಿನ ಸಂಖ್ಯೆ ಪಡೆಯುವುದು.
4) ಆ ಸಂಖ್ಯೆಯನ್ನು ಕ್ರೆಡಿಟ್ ನೀಡುವ ಸಂಸ್ಥೆಗೆ ಒದಗಿಸುವುದು. ಕ್ರೆಡಿಟ್‌ಗಳನ್ನು ಸಂಸ್ಥೆಯೇ ಜಮೆ ಮಾಡುತ್ತದೆ. ವಿದ್ಯಾರ್ಥಿಗಳಿಂದ ನೇರವಾಗಿ ಯಾವ ದಾಖಲೆಯನ್ನೂ ಬ್ಯಾಂಕ್ ಸ್ವೀಕರಿಸುವುದಿಲ್ಲ.
5) ಜಮೆಯಾದ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಪರಿಶೀಲಿಸಿ, ವ್ಯತ್ಯಾಸವಿದ್ದಲ್ಲಿ ಕೂಡಲೇ ಸಂಸ್ಥೆಯ ಗಮನಕ್ಕೆ ತರುವುದು.

6. ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

ಗುರುತಿನ ಚೀಟಿ, ಅಂಕಪಟ್ಟಿಗಳು, ತರಬೇತಿ ಪ್ರಮಾಣಪತ್ರಗಳು ಹಾಗೂ ಮಾಲೀಕರಿಂದ ಪಡೆದ ಅನುಭವ ಪತ್ರ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರಿನ ಜೊತೆಗೆ ನಿರ್ವಹಿಸಿದ ಕೆಲಸಗಳು, ಬಳಸಿದ ಯಂತ್ರೋಪಕರಣಗಳು ಮತ್ತು ಅವಧಿ ನಮೂದಾಗಿರುವುದು ಉತ್ತಮ. ಅನುಭವ ಪತ್ರ ದೊರೆಯದವರು ವೇತನ ಚೀಟಿ, ಭವಿಷ್ಯ ನಿಧಿಯ ವಿವರ, ಕಾರ್ಮಿಕ ಗುರುತಿನ ಚೀಟಿ, ಮಾಡಿದ ಕೆಲಸದ ಛಾಯಾಚಿತ್ರ ಇತ್ಯಾದಿಗಳನ್ನು ಸಂಗ್ರಹಿಸಿಟ್ಟುಕೊಳ್ಳಬಹುದು. ಕೆಲಸ ಬಿಡುವ ದಿನವೇ ಅನುಭವ ಪತ್ರ ಕೇಳಿ ಪಡೆಯುವುದು ಒಳಿತು. ಘಟಕ ಮುಚ್ಚಿದ ಮೇಲೆ ಅದನ್ನು ಪಡೆಯುವುದು ಕಷ್ಟಸಾಧ್ಯ.

7. ಮಿತಿಗಳು

- ಅಕಾಡೆಮಿಕ್ ಬ್ಯಾಂಕಿನ 2021ರ ನಿಯಮಗಳ ಪ್ರಕಾರ 2021-22ನೇ ಶೈಕ್ಷಣಿಕ ಸಾಲಿನಿಂದ ಗಳಿಸಿದ ಕ್ರೆಡಿಟ್‌ಗಳು ಮಾತ್ರ ಜಮೆಗೆ ಅರ್ಹ. ಅವುಗಳ ಗರಿಷ್ಠ ಸಿಂಧುತ್ವ 7 ವರ್ಷ.
- ಅದೇ ನಿಯಮಗಳ ಪ್ರಕಾರ ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇ. 50ನ್ನು ಪದವಿ ನೀಡುವ ಸಂಸ್ಥೆಯಲ್ಲಿಯೇ ಗಳಿಸಬೇಕು.
- ಒಮ್ಮೆ ಪದವಿಗೆ ಬಳಸಿದ ಕ್ರೆಡಿಟ್‌ಗಳನ್ನು ಮತ್ತೊಂದು ಪದವಿಗೆ ಬಳಸುವಂತಿಲ್ಲ.
- ಕರ್ನಾಟಕದಲ್ಲಿ 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿ ವ್ಯವಸ್ಥೆಗೆ ಮರಳಲಾಗಿದೆ. ಅದಕ್ಕೂ ಮುನ್ನ ವ್ಯಾಸಂಗ ನಿಲ್ಲಿಸಿದವರು ಮರುಪ್ರವೇಶದ ಷರತ್ತುಗಳನ್ನು ತಮ್ಮ ವಿಶ್ವವಿದ್ಯಾನಿಲಯದಲ್ಲಿಯೇ ವಿಚಾರಿಸತಕ್ಕದ್ದು.

8. ಎಚ್ಚರಿಕೆ

"ಅನುಭವದ ಆಧಾರದ ಮೇಲೆ ನೇರ ಪದವಿ", "ಒಂದೇ ವರ್ಷದಲ್ಲಿ ಮೂರು ವರ್ಷದ ಪದವಿ" ಎಂಬಂತಹ ಭರವಸೆಗಳಿಗೆ ಮರುಳಾಗಿ ಹಣ ಕಳೆದುಕೊಳ್ಳಬಾರದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಅಧಿನಿಯಮ, 1956ರ 22ನೇ ಪ್ರಕರಣದ ಪ್ರಕಾರ ಕೇಂದ್ರ ಅಥವಾ ರಾಜ್ಯದ ಕಾಯಿದೆಯನ್ವಯ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ಡೀಮ್ಡ್ ವಿಶ್ವವಿದ್ಯಾನಿಲಯಗಳು ಮತ್ತು ಸಂಸತ್ತಿನ ಕಾಯಿದೆಯಿಂದ ವಿಶೇಷ ಅಧಿಕಾರ ಪಡೆದ ಸಂಸ್ಥೆಗಳು ಮಾತ್ರ ಪದವಿ ನೀಡಬಲ್ಲವು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವು ಪ್ರಕಟಿಸುತ್ತದೆ. ಶುಲ್ಕ ಪಾವತಿಸುವ ಮುನ್ನ ಆ ಪಟ್ಟಿಯನ್ನೂ, ದೂರಶಿಕ್ಷಣವಾದಲ್ಲಿ ಆಯಾ ಕೋರ್ಸಿಗೆ ಆಯೋಗದ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇರುವುದನ್ನೂ ಪರಿಶೀಲಿಸತಕ್ಕದ್ದು. ಅಮಾನ್ಯ ಪದವಿಯಿಂದ ಪಡೆದ ಉದ್ಯೋಗವು ದಾಖಲೆಗಳ ಪರಿಶೀಲನೆಯ ವೇಳೆ ಕೈತಪ್ಪುವ ಸಂಭವವಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪ್ರವೇಶ ಮತ್ತು ಕ್ರೆಡಿಟ್‌ಗೆ ಸಂಬಂಧಿಸಿದಂತೆ ಆಯಾ ಸಾಲಿನ ಅಧಿಸೂಚನೆ ಹಾಗೂ ವಿಶ್ವವಿದ್ಯಾನಿಲಯದ ನಿಯಮಗಳೇ ಅಂತಿಮ.