ಸೂಪರ್ ಟೆಲಿಫೋಟೊ ಪ್ರೈಮ್ ಲೆನ್ಸ್‌ನ ಆಯ್ಕೆ

ದೂರದ ವಸ್ತುವನ್ನು ದೊಡ್ಡದಾಗಿ ಸೆರೆಹಿಡಿಯುವ, ಸಂಗಮದೂರ ಬದಲಾಗದ ಲೆನ್ಸ್‌ಗೆ ಸೂಪರ್ ಟೆಲಿಫೋಟೊ ಪ್ರೈಮ್ ಎಂದು ಹೆಸರು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 300 ಮಿ.ಮೀ. ದಾಟಿದವನ್ನು ಸಾಮಾನ್ಯವಾಗಿ ಹೀಗೆ ಕರೆಯುತ್ತಾರೆ. 400ರಿಂದ ಲೆಕ್ಕ ಹಿಡಿಯುವವರೂ ಇದ್ದಾರೆ. ಹಕ್ಕಿ, ವನ್ಯಜೀವಿ, ಕ್ರಿಕೆಟ್, ಫುಟ್‌ಬಾಲ್, ವಿಮಾನ ಪ್ರದರ್ಶನ ಈ ಲೆನ್ಸ್‌ಗಳ ಮುಖ್ಯ ಕ್ಷೇತ್ರ.

ಮುಂದೆ ಬೆಳಕನ್ನು ಕೂಡಿಸುವ ಪೀನ ಮಸೂರಗಳ ಗುಂಪು, ಹಿಂದೆ ಅದನ್ನು ತುಸು ಹರಡಿಸುವ ನಿಮ್ನ ಮಸೂರಗಳ ಗುಂಪು ಇಟ್ಟರೆ ಲೆನ್ಸ್‌ನ ಉದ್ದ ಅದರ ಸಂಗಮದೂರಕ್ಕಿಂತ ಕಡಿಮೆಯಾಗುತ್ತದೆ. ಟೆಲಿಫೋಟೊ ರಚನೆ ಎಂದರೆ ಇದೇ. 1891ರಲ್ಲಿ ಇಂಗ್ಲೆಂಡಿನ ಥಾಮಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಅಡಾಲ್ಫ್ ಸ್ಟೈನ್‌ಹೈಲ್ ಒಬ್ಬರಿಗೊಬ್ಬರು ತಿಳಿಯದೆಯೇ ಇದನ್ನು ರೂಪಿಸಿದರು.

ಉದ್ದ ತಗ್ಗಿಸಬಹುದು, ಅಗಲವನ್ನು ತಗ್ಗಿಸಲಾಗದು. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಾಗ ಬರುವುದು ಬೆಳಕು ಒಳಹೋಗುವ ಕಿಂಡಿಯ ವ್ಯಾಸ. ಮುಂದಿನ ಗಾಜು ಕನಿಷ್ಠ ಅಷ್ಟಿರಲೇಬೇಕು. 600 ಮಿ.ಮೀ. ಎಫ್/4 ಲೆನ್ಸ್‌ಗೆ ಅದು 150 ಮಿ.ಮೀ.; 400 ಮಿ.ಮೀ. ಎಫ್/2.8ಕ್ಕೆ ಸುಮಾರು 143, 500 ಮಿ.ಮೀ. ಎಫ್/5.6ಕ್ಕೆ 90ರ ಒಳಗೆ. ತೂಕ, ಬೆಲೆ, ಚೀಲದ ಗಾತ್ರ, ಬೆನ್ನುನೋವು ಎಲ್ಲವೂ ಈ ಒಂದು ಭಾಗಾಕಾರದಿಂದ ಹುಟ್ಟುತ್ತವೆ. 600 ಎಫ್/4 ವರ್ಗದ ಹೊಸ ಲೆನ್ಸ್ ಭಾರತದಲ್ಲಿ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಆದ್ದರಿಂದ ಕೊಳ್ಳುವವರು ಎಷ್ಟು ಮಿ.ಮೀ. ಎಂಬುದಕ್ಕಿಂತ ಮೊದಲು ಎಷ್ಟು ಅಗಲದ ಗಾಜನ್ನು ಹೊರಬಲ್ಲೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಉದ್ದದ ಲೆನ್ಸ್‌ಗಳಲ್ಲಿ ಬಣ್ಣಗಳು ಬೇರೆ ಬೇರೆ ಬಿಂದುಗಳಲ್ಲಿ ಸೇರುವ ವರ್ಣದೋಷ ಎದ್ದು ಕಾಣುತ್ತದೆ. 1969ರಲ್ಲಿ ಕ್ಯಾನನ್ ಕಂಪನಿ ಕೃತಕವಾಗಿ ಬೆಳೆಸಿದ ಫ್ಲೋರೈಟ್ ಹರಳನ್ನು 300 ಮಿ.ಮೀ. ಎಫ್/5.6 ಲೆನ್ಸ್‌ನಲ್ಲಿ ಬಳಸಿ ಇದಕ್ಕೆ ದಾರಿ ಕಂಡಿತು; ನಿಕಾನ್ ಬಣ್ಣಗಳನ್ನು ಕಡಿಮೆ ಚದುರಿಸುವ ಇ.ಡಿ. ಗಾಜಿನತ್ತ ಹೋಯಿತು. ಫ್ಲೋರೈಟ್ ಬಿಸಿಗೆ ಬೇಗ ಹಿಗ್ಗುತ್ತದೆ. ಕ್ಯಾನನ್‌ನ ದೊಡ್ಡ ಲೆನ್ಸ್‌ಗಳ ಬಿಳಿ ಬಣ್ಣ ಬಿಸಿಲು ಹೀರದಿರಲೆಂದು ಬಳಿದದ್ದು, ಅದು ಅಂತಸ್ತಿನ ಗುರುತಾದದ್ದು ಆಮೇಲೆ. ತೂಕ ಇಳಿಸುವ ಕೆಲಸವೂ ನಡೆದೇ ಇದೆ: ಕ್ಯಾನನ್‌ನ 600 ಎಫ್/4 ಮೊದಲ ಐ.ಎಸ್. (ಕಂಪನ ತಡೆಯುವ) ಆವೃತ್ತಿಯಲ್ಲಿ 5.36 ಕಿಲೊ ಇತ್ತು, 2018ರ ಮೂರನೆಯ ಆವೃತ್ತಿಯಲ್ಲಿ 3.05 ಕಿಲೊಗೆ ಬಂತು. ಬೆಳಕಿನ ವಿವರ್ತನೆಯನ್ನು ಬಳಸುವ ಮಸೂರಗಳು ಇನ್ನೊಂದು ಮಾರ್ಗ. ಕ್ಯಾನನ್ 2001ರ 400 ಎಫ್/4 ಡಿ.ಒ. ಲೆನ್ಸ್‌ನಲ್ಲಿ ಇದನ್ನು ತಂದಿತು. ಇದೇ ಮಾರ್ಗದ ನಿಕಾನ್‌ನ 500 ಎಫ್/5.6 ಪಿ.ಎಫ್. (2018) ಬರೀ 1.46 ಕಿಲೊ. ಎದುರು ಬೆಳಕಿನಲ್ಲಿ ಇಂಥ ಲೆನ್ಸ್‌ಗಳು ಕೆಲವೊಮ್ಮೆ ದೀಪದ ಸುತ್ತ ಬಳೆಯಂಥ ಕಲೆ ಮೂಡಿಸುತ್ತವೆ, ಆದರೂ ಕೈಯಲ್ಲಿ ಹಿಡಿದು ಹಾರುವ ಹಕ್ಕಿ ತೆಗೆಯುವವರು ಆ ದೋಷವನ್ನು ಮನ್ನಿಸಿಬಿಟ್ಟಿದ್ದಾರೆ.

ಸಂಗಮದೂರವನ್ನು ನಿರ್ಧರಿಸುವುದು ಪ್ರಾಣಿಯ ಗಾತ್ರ ಮತ್ತು ಅದು ಬಿಟ್ಟುಕೊಡುವ ದೂರ. 16 ಸೆಂ.ಮೀ. ಉದ್ದದ ಸಣ್ಣ ಮಿಂಚುಳ್ಳಿ 15 ಮೀಟರ್ ದೂರದಲ್ಲಿ ಕೂತಿದ್ದರೆ 600 ಮಿ.ಮೀ. ಲೆನ್ಸ್ ಸೆನ್ಸರ್ ಮೇಲೆ ಮೂಡಿಸುವ ಬಿಂಬ 7 ಮಿ.ಮೀ.ಗೂ ಕಡಿಮೆ, 400ರಲ್ಲಿ ನಾಲ್ಕೂವರೆಗೂ ತುಸು ಕಡಿಮೆ. ಹಕ್ಕಿಗಳವರಿಗೆ ಎಷ್ಟಿದ್ದರೂ ಸಾಲದು ಎನ್ನುವುದು ಇದಕ್ಕೇ. ಕಬಿನಿಯ ಆನೆಯ ಲೆಕ್ಕ ಬೇರೆ: 20 ಮೀಟರ್ ದೂರದಲ್ಲಿ 600ರ ನೋಟಕ್ಕೆ ಸಿಗುವುದು 1.2 ಮೀಟರ್ ಅಗಲ ಮಾತ್ರ. ಕಣ್ಣು, ದಂತ ಬಂದಾವು, ಆನೆ ಬಾರದು. ಜೀಪಿನಿಂದಿಳಿದು ಹಿಂದೆ ಸರಿಯಲು ಸಫಾರಿಯಲ್ಲಿ ಅವಕಾಶವಿಲ್ಲ. ಹೀಗಾಗಿ ಪ್ರೈಮ್ ಹಿಡಿದವರ ಬಳಿ ಸಣ್ಣ ಜೂಮ್ ಇರುವ ಎರಡನೆಯ ಕ್ಯಾಮೆರಾವೂ ಇರಬೇಕಾಗುತ್ತದೆ, ಇದು ಖರ್ಚಿನ ಲೆಕ್ಕದಲ್ಲಿ ಸೇರಬೇಕಾದ ಮಾತು.

ದೂರವನ್ನು ಲೆನ್ಸ್ ಪೂರ್ತಿ ಗೆಲ್ಲುವುದೂ ಇಲ್ಲ. ಬಿಸಿಲೇರಿದ ಮೇಲೆ ಹುಲ್ಲುಗಾವಲು, ಕೆರೆಯಂಗಳಗಳ ಮೇಲಿನ ಗಾಳಿಯ ಝಳ ಚಿತ್ರವನ್ನು ಕದಡುತ್ತದೆ; 800 ಮಿ.ಮೀ. ಆ ಕದಡನ್ನೂ ಹಿಗ್ಗಿಸಿ ತೋರಿಸುತ್ತದೆ, ಲೆನ್ಸ್ ಮಬ್ಬೆಂಬ ದೂರುಗಳಲ್ಲಿ ಹಲವಕ್ಕೆ ಇದೇ ಮೂಲ. ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಪೀಳಿಗೆ ಮರೆ ಕಟ್ಟಿಕೊಂಡು ಹತ್ತಿರ ಕಾದು ಚಿತ್ರ ತೆಗೆದದ್ದು ಇಂಥ ಲೆನ್ಸ್‌ಗಳು ಕೈಗೆಟುಕದ ಕಾಲದಲ್ಲಿ. ಗೂಡಿನ ಬಳಿ ಹೋಗುವುದನ್ನು ಈಗ ಛಾಯಾಗ್ರಾಹಕರ ವಲಯವೇ ಒಪ್ಪುವುದಿಲ್ಲ, ಆದರೆ ಕಾಯುವ ಗುಣಕ್ಕೆ ಬದಲಿ ಗಾಜು ಬಂದಿಲ್ಲ.

ಎಫ್/4ರ ಒಂದೂಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚು ಬೆಳಕಿಗೆ ಎಫ್/6.3ರ ಎರಡು ಪಟ್ಟು ತೂಕ ಹೊರಬೇಕೇ? ನಿಕಾನ್‌ನ ಜ಼ೆಡ್ 600 ಎಫ್/6.3 ಸುಮಾರು ಒಂದೂವರೆ ಕಿಲೊ, ಅದೇ ಕಂಪನಿಯ 600 ಎಫ್/4 ಮೂರೂಕಾಲು ಕಿಲೊ. ಬಯಲಿನ ಹಕ್ಕಿಗಳಿಗೆ ಹಗುರವಾದದ್ದೇ ಸಾಕು. ಇಂದಿನ ಸೆನ್ಸರ್‌ಗಳು ಮತ್ತು ನಾಯ್ಸ್ ತಗ್ಗಿಸುವ ಸಾಫ್ಟ್‌ವೇರ್ ಆ ಅಂತರವನ್ನು ಬಹುಪಾಲು ತುಂಬಿಕೊಡುತ್ತವೆ. ಮಳೆಕಾಡಿನ ಕತ್ತಲಿಗೆ, ಹುಲಿ ಹೊರಬರುವ ಮುಸ್ಸಂಜೆಗೆ, ದೀಪದ ಬೆಳಕಿನ ಆಟಕ್ಕೆ ಮಾತ್ರ ದೊಡ್ಡ ಕಿಂಡಿಗೆ ಎದುರಿಲ್ಲ. ಹಿನ್ನೆಲೆಯನ್ನು ಕರಗಿಸುವುದರಲ್ಲೂ ಅದೇ ಮುಂದು: 20 ಮೀಟರ್ ದೂರದಲ್ಲಿ 600 ಎಫ್/4ರ ಸ್ಪಷ್ಟತೆಯ ಆಳ ಸುಮಾರು 27 ಸೆಂ.ಮೀ. ಕ್ಯಾನನ್ 2020ರಲ್ಲಿ ತಂದ ಎಫ್/11ರ 600 ಮತ್ತು 800 ಲೆನ್ಸ್‌ಗಳು ಅಗ್ಗ, ಹಗುರ. ಆದರೆ ಅವು ಒಳ್ಳೆಯ ಬಿಸಿಲಿನ ಸರಕು.

ಸಂಗಮದೂರ ಹಿಗ್ಗಿಸಲು ಲೆನ್ಸ್‌ನ ಹಿಂದೆ ಸೇರಿಸುವ ಟೆಲಿಕನ್ವರ್ಟರ್ 1.4 ಪಟ್ಟಿನದಾದರೆ ಒಂದು ಸ್ಟಾಪ್, 2 ಪಟ್ಟಿನದಾದರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. 400 ಎಫ್/2.8 ಎರಡನ್ನೂ ತಾಳುತ್ತದೆ, ಎಫ್/6.3ರ ಲೆನ್ಸ್‌ಗೆ 1.4ರದ್ದೇ ಮಿತಿ ಎನ್ನಬಹುದು. ಹಳೆಯ ಡಿ.ಎಸ್.ಎಲ್.ಆರ್.ಗಳಲ್ಲಿ ಎಫ್/5.6 ಅಥವಾ ಎಫ್/8 ದಾಟಿದರೆ ಆಟೊಫೋಕಸ್ ನಿಲ್ಲುತ್ತಿತ್ತು. ಮಿರರ್‌ಲೆಸ್ ಬಂದ ಮೇಲೆ ಆ ಅಡ್ಡಿ ಹೆಚ್ಚುಕಡಿಮೆ ಹೋಗಿದೆ.

ಎಲ್ಲಿ ಊರಿ ತೆಗೆಯುತ್ತೀರಿ ಎಂಬುದನ್ನು ಅನೇಕರು ಕೊಂಡ ಮೇಲೆ ಯೋಚಿಸುತ್ತಾರೆ. ಜೀಪಿನ ಅಂಚಿಗೆ ಬೀನ್ ಬ್ಯಾಗ್, ಕೆರೆಯ ದಡಕ್ಕೆ ಟ್ರೈಪಾಡ್ ಮತ್ತು ಗಿಂಬಲ್, ಕ್ರೀಡಾಂಗಣಕ್ಕೆ ಮಾನೊಪಾಡ್. ರಂಗನತಿಟ್ಟಿನ ದೋಣಿಯಲ್ಲಿ ಇವು ಯಾವುವೂ ನೆಟ್ಟಗೆ ಕೂರುವುದಿಲ್ಲ, ಕೈಯೇ ಗತಿ.

ಹಳೆಯ ಲೆನ್ಸ್ ಕೊಳ್ಳುವುದಾದರೆ ಟಾರ್ಚ್ ಬೆಳಕು ಬಿಟ್ಟು ಒಳಗೆ ಫಂಗಸ್ ಇದೆಯೇ ನೋಡಬೇಕು. ಮಲೆನಾಡು, ಕರಾವಳಿಯಲ್ಲಿ ಬಳಸಿದ್ದಾದರೆ ಎರಡು ಸಲ. ಆಟೊಫೋಕಸ್ ಮೋಟರ್, ಕಂಪನ ತಡೆಯುವ ವ್ಯವಸ್ಥೆ ಕೆಟ್ಟಾಗ ಬಿಡಿಭಾಗ ಸಿಗುವುದೇ ಎಂದು ಸರ್ವಿಸ್ ಸೆಂಟರಿನಲ್ಲಿ ಮೊದಲೇ ವಿಚಾರಿಸುವುದು ಲೇಸು, ಏಕೆಂದರೆ ತಯಾರಿಕೆ ನಿಂತ ಮಾದರಿಗಳಿಗೆ ಕೆಲವು ವರ್ಷಗಳ ನಂತರ ಕಂಪನಿಗಳು ದುರಸ್ತಿಯನ್ನೂ ನಿಲ್ಲಿಸುತ್ತವೆ. ಬೆಂಗಳೂರಿನಂಥ ನಗರಗಳಲ್ಲಿ ಈ ಲೆನ್ಸ್‌ಗಳು ದಿನದ ಬಾಡಿಗೆಗೂ ಸಿಗುತ್ತವೆ. ವರ್ಷಕ್ಕೆ ಎರಡೇ ಸಫಾರಿ ಮಾಡುವವರಿಗೆ ಬಡ್ಡಿಯ ಲೆಕ್ಕದಲ್ಲೂ ಅದೇ ಲಾಭ.