ಹಾಡು ಮಾಡಿಸ್ತೀರಾ? ರೇಟು, ಕರೆಕ್ಷನ್ ಮೊದಲೇ ಮಾತಾಡಿ

ಅಂಗಡಿ ಓಪನಿಂಗ್‌ಗೆ ಆಟೋ ಪ್ರಚಾರದ ಹಾಡು, ಜಾತ್ರೆಗೆ ದೇವರ ಹಾಡು, ಮದುವೆಗೆ ವಧು-ವರರ ಹೆಸರಿನ ಹಾಡು. ಇವನ್ನೆಲ್ಲ ಈಗ ಮನೆಯಲ್ಲೇ ಸ್ಟುಡಿಯೋ ಇಟ್ಟುಕೊಂಡ ಹುಡುಗರೇ ಮಾಡಿಕೊಡ್ತಾರೆ. ‘ಒಂದು ಹಾಡಿಗೆ ಎಷ್ಟು?’ ಅಂತ ಬಾಯಿಮಾತಲ್ಲೇ ಮುಗಿಸಿದರೆ ಕೊನೆಗೆ ಜಗಳ ಗ್ಯಾರಂಟಿ.

ರೇಟು: ಸಾಹಿತ್ಯ, ಟ್ಯೂನ್, ಟ್ರ್ಯಾಕ್, ಗಾಯಕರ ಸಂಭಾವನೆ, ರೆಕಾರ್ಡಿಂಗ್, ಮಿಕ್ಸಿಂಗ್ ಇವುಗಳಲ್ಲಿ ಯಾವುದು ಸೇರಿದೆ, ಯಾವುದಕ್ಕೆ ಬೇರೆ ದುಡ್ಡು ಎಂದು ಕೇಳಿ. ಕೀಬೋರ್ಡಿನ ತಬಲಾ ಸಾಕೋ, ಕಲಾವಿದರೇ ಬಂದು ನುಡಿಸಬೇಕೋ ಎಂಬುದರ ಮೇಲೂ ಖರ್ಚು ಬದಲಾಗುತ್ತೆ.

ಕರೆಕ್ಷನ್: ಧ್ವನಿ ಏರಿಸೋದು, ಇಳಿಸೋದು ಬೇಗ ಆಗುವ ಕೆಲಸ. ಆದರೆ ಹಾಡಿದ ಮೇಲೆ ಅಂಗಡಿ ಹೆಸರು ಬದಲಾಯಿಸಿದರೆ ಗಾಯಕರು ಮತ್ತೆ ಬರಬೇಕು. ಅದಕ್ಕೆ ಮಾದರಿ ಹಾಡು ಮೊದಲೇ ಕೇಳಿಸಿ, ರಫ್ ಟ್ರ್ಯಾಕ್ ಒಪ್ಪಿದ ಮೇಲೇ ಹಾಡಿಸಿ. ಎಷ್ಟು ಸಲ ಉಚಿತ ಅನ್ನೋದೂ ತೀರ್ಮಾನ ಆಗಲಿ.

ಹಣ: ಅರ್ಧ ಅಡ್ವಾನ್ಸ್, ಫೈನಲ್ ಫೈಲ್ ಕೈಗೆ ಬರುವಾಗ ಬಾಕಿ ಎಂದಿಟ್ಟರೆ ಇಬ್ಬರಿಗೂ ಧೈರ್ಯ.

ಹಕ್ಕು: 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವಾಗ ಲಿಖಿತ ಪತ್ರ, ಸಹಿ ಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಲೆಕ್ಕ. ಸಿನಿಮಾ ಟ್ಯೂನಿಗೆ ಅಂಗಡಿ ಹೆಸರು ಸೇರಿಸಿ ಹಾಡಿಸೋದಾದರೆ ಆ ಟ್ಯೂನಿನ ಹಕ್ಕುದಾರರ ಅನುಮತಿ ಬೇಕು. ಅನುಮತಿ ಇಲ್ಲದೆ ಯೂಟ್ಯೂಬ್‌ಗೆ ಹಾಕಿದರೆ ವಿಡಿಯೋ ತೆಗೆದುಹಾಕಿಸುವ ಅವಕಾಶ ಅವರಿಗಿದೆ.

ರೇಟು, ಕರೆಕ್ಷನ್ ವಿಷಯ ವಾಟ್ಸಾಪ್‌ನಲ್ಲಿ ಬರೆದು ಇಬ್ಬರೂ ‘ಓಕೆ’ ಹಾಕಿ. ಹಕ್ಕಿನ ವಿಷಯಕ್ಕೆ ಮಾತ್ರ ಸಹಿ ಮಾಡಿದ ಪತ್ರವೇ ಇರಲಿ.